ಏರಿನಲ್ಲಿ ನಿಲ್ಲುವ ಜಿಪ್ಸಿಯನ್ನು ನೀವು ಏರಿನಲ್ಲಿ ಓಡಿಸಿಯೇ ನೋಡಲಿಲ್ಲ

ಇವರಿಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ

ವಿಷಯ: ಭಾರ ಬಿದ್ದಾಗ ಮಿಸ್ಸಿಂಗ್ ಹೊಡೆಯುವ ಎಂಜಿನ್ನಿನ ದೋಷ ಹುಡುಕದೆ ಪಾರ್ಟ್ಸ್ ಬದಲಾಯಿಸಿದ್ದು, ಹಾಕದ ಫಿಲ್ಟರ್‌ಗೆ ಹಣ ಪಡೆದದ್ದು

ಮಾನ್ಯರೇ,

ನನ್ನದು 2003ರ ಮಾರುತಿ ಜಿಪ್ಸಿ. 1298 ಸಿಸಿ ಪೆಟ್ರೋಲ್ ಎಂಜಿನ್, ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವಂಥದ್ದು. ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ಮಳೆಗಾಲದಲ್ಲಿ ತೋಟದ ಏರು ಹತ್ತಲು ಈ ಗಾಡಿ ಬಿಟ್ಟರೆ ನಮಗೆ ಬೇರೆ ಗತಿಯಿಲ್ಲ.

ಜುಲೈನಲ್ಲಿ ಗಾಡಿ ನಿಮ್ಮಲ್ಲಿಗೆ ತಂದಾಗ ತೊಂದರೆಯನ್ನು ಬಿಡಿಸಿ ಹೇಳಿದ್ದೆ. ಸಮತಟ್ಟಿನಲ್ಲಿ ಚೆನ್ನಾಗಿ ಓಡುತ್ತದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವಾಗ, ಒಂದು ಚೂರೂ ನಡುಗುವುದಿಲ್ಲ. ಆರು ಮೂಟೆ ಗೊಬ್ಬರ ಹೇರಿ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಜರ್ಕ್ ಹೊಡೆಯುತ್ತದೆ, ಎಳೆಯುವುದಿಲ್ಲ. ಕಾಲು ಸ್ವಲ್ಪ ತೆಗೆದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಫೋರ್-ಲೋನಲ್ಲಿ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿನಲ್ಲಿ) ನಿಧಾನಕ್ಕೆ ಹೋದರೆ ಅದೇ ಏರನ್ನು ಹತ್ತುತ್ತದೆ. ನಿಂತುಹೋದರೆ ಹತ್ತು ನಿಮಿಷ ಬಿಟ್ಟು ಏನೂ ಆಗಿಲ್ಲವೆನ್ನುವಂತೆ ಸ್ಟಾರ್ಟ್ ಆಗುತ್ತದೆ. ಇಷ್ಟನ್ನೂ ಕೇಳಿಸಿಕೊಂಡ ನಿಮ್ಮ ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ಬರೆದದ್ದು ಎರಡೇ ಪದ: 'ಪಿಕಪ್ ಇಲ್ಲ'.

ಗಾಡಿ 19 ದಿನ ನಿಮ್ಮಲ್ಲಿತ್ತು. ಪ್ಲಗ್, ಪ್ಲಗ್ ವಯರ್, ಇಗ್ನಿಷನ್ ಕಾಯಿಲ್ ಹೊಸದಾದವು. ಥ್ರಾಟಲ್ ಬಾಡಿ ಕ್ಲೀನ್ ಆಯಿತು. ಫ್ಯೂಯಲ್ ಫಿಲ್ಟರ್ ಬದಲಾಯಿಸಿದ್ದೇವೆ ಎಂದಿರಿ. ಒಟ್ಟು 14,860 ರೂಪಾಯಿ ಕಟ್ಟಿದೆ. ಬೈಪಾಸ್ ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ ತೋರಿಸಿದಿರಿ. ಅಲ್ಲಿ ಅದು ಮೊದಲೂ ಚೆನ್ನಾಗಿಯೇ ಓಡುತ್ತಿತ್ತು, ಅಲ್ವಾ?

ಆಮೇಲಿನ ವಾರ ಮಂಗಳೂರಿನ ಆಸ್ಪತ್ರೆಯಿಂದ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೆ. ಶಿರಾಡಿ ಘಾಟಿಯಲ್ಲಿ, ಗುಂಡ್ಯ ದಾಟಿ ಏರು ಶುರುವಾದ ಮೇಲೆ, ತಿರುವಿನಲ್ಲೇ ಎಂಜಿನ್ ನಿಂತಿತು. ಹಿಂದೆ ಗ್ಯಾಸ್ ಟ್ಯಾಂಕರ್. ಮಳೆ, ಮಂಜು, ಕತ್ತಲು ಬೇರೆ. ಟ್ಯಾಂಕರ್ ಡ್ರೈವರ್ ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಅಮ್ಮ ಒಂದು ಮಾತೂ ಆಡಲಿಲ್ಲ, ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದರು. ಈ ಪತ್ರ ಬರೆಯಲು ಕಾರಣ ಆ ರಾತ್ರಿ, ದುಡ್ಡಲ್ಲ.

ಮಾರನೇ ದಿನ ನಿಮಗೆ ಫೋನ್ ಮಾಡಿದೆ. 'ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಏನೂ ಬಂದಿಲ್ಲ, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿರಬಹುದು, 30 ಸಾವಿರ ಆಗುತ್ತದೆ' ಎಂದಿರಿ. ಪೆಟ್ರೋಲ್ ಪ್ರೆಶರ್ ಅಳೆಯುವ ಸೆನ್ಸರ್ ಈ ಗಾಡಿಯಲ್ಲಿಲ್ಲ. ಪ್ರೆಶರ್ ಬಿದ್ದರೆ ಸ್ಕ್ಯಾನರ್ ಅದನ್ನು ನೇರವಾಗಿ ಹೇಳುವುದು ಹೇಗೆ?

ಕೊನೆಗೆ ಸಕಲೇಶಪುರದ ಒಬ್ಬ ಹಿರಿಯ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಫ್ಯೂಯಲ್ ಲೈನಿಗೆ ಉದ್ದ ಪೈಪಿನ ಪ್ರೆಶರ್ ಗೇಜ್ ಜೋಡಿಸಿ, ಗೇಜನ್ನು ಎದುರಿನ ಗಾಜಿಗೆ ಟೇಪ್ ಹಾಕಿ ಅಂಟಿಸಿದರು. ಹಿಂದೆ ಆರು ಮೂಟೆ ಹೇರಿಸಿ ನಮ್ಮ ತೋಟದ ಏರು ಹತ್ತಿಸಿದರು. ಐಡಲ್‌ನಲ್ಲಿ ಅಲುಗಾಡದ ಮುಳ್ಳು ಏರಿನ ನಡುವೆ ಅರ್ಧಕ್ಕೆ ಇಳಿಯಿತು, ಅದೇ ಕ್ಷಣ ಎಂಜಿನ್ ಮುಗ್ಗರಿಸಿತು. ಟ್ಯಾಂಕ್ ಇಳಿಸಿದಾಗ ಒಳಗೆಲ್ಲ ತುಕ್ಕು. ಪಂಪಿನ ತುದಿಯ ಜಾಲರಿ ತುಕ್ಕಿನ ಕೆಸರಿನಿಂದ ಮುಚ್ಚಿಹೋಗಿತ್ತು. ಐಡಲ್‌ನಲ್ಲಿ ಎಂಜಿನ್ ಕುಡಿಯುವ ಪೆಟ್ರೋಲ್ ತುಂಬಾ ಕಡಿಮೆ, ಅಷ್ಟು ಹೇಗೋ ದಾಟುತ್ತಿತ್ತು. ಭಾರ ಎಳೆಯುವಾಗ ಅದರ ಹಲವು ಪಟ್ಟು ಬೇಕು, ಅದು ಬರುತ್ತಿರಲಿಲ್ಲ. ಗಾಡಿ ಆಫ್ ಮಾಡಿದರೆ ಎಳೆತ ನಿಂತು ಕೆಸರು ಜಾರುತ್ತಿತ್ತು. ಹತ್ತು ನಿಮಿಷದ ಮೇಲೆ ಸ್ಟಾರ್ಟ್ ಆಗುತ್ತಿದ್ದುದು ಅದಕ್ಕೇ. ನಾನು ಮೊದಲ ದಿನ ಹೇಳಿದ ಒಂದೊಂದು ಮಾತೂ ಇದನ್ನೇ ತೋರಿಸುತ್ತಿತ್ತು.

ಇಷ್ಟು ಹಳೆಯ ಗಾಡಿಯ ಟ್ಯಾಂಕ್ ತುಕ್ಕು ಹಿಡಿದದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ನೀವು ಗೇಜ್ ಹಾಕಿ ನೋಡದೇ ಇದ್ದದ್ದಕ್ಕೆ ದೂರುತ್ತಿದ್ದೇನೆ. ಇನ್ನೊಂದು ಮಾತು ಬರೆಯಲು ಬೇಸರವಾಗುತ್ತದೆ. ಚಾಸಿಸ್ ಪಕ್ಕದ ಫ್ಯೂಯಲ್ ಫಿಲ್ಟರ್ ಬಿಚ್ಚಿದಾಗ ಅದರ ಮೇಲೆ ಮೂರು ವರ್ಷದ ಹಿಂದೆ ನಾನೇ ಪೇಂಟಿನಲ್ಲಿ ಬರೆದ ತಾರೀಖು ಇತ್ತು. ನಿಮ್ಮ ಬಿಲ್ಲಿನಲ್ಲಿ ಅದು ಹೊಸದು.

ಟ್ಯಾಂಕ್ ತೊಳೆಸಿ, ಜಾಲರಿ, ಫಿಲ್ಟರ್ ಹೊಸದು ಹಾಕಿಸಿದ ಮೇಲೆ ಅದೇ ಶಿರಾಡಿಯನ್ನು ಗಾಡಿ ಮೂರನೇ ಗೇರಿನಲ್ಲಿ ಹತ್ತಿತು. ಪ್ಲಗ್‌ಗಳಿಗೆ ಹೇಗೂ ವಯಸ್ಸಾಗಿತ್ತು, ಆ ಹಣ ಕೇಳುವುದಿಲ್ಲ. ಹಾಕದ ಫಿಲ್ಟರಿನ ಹಣ, ಬೇಡದ ಕಾಯಿಲ್, ವಯರ್ ಮತ್ತು ಅವುಗಳ ಕೂಲಿ ವಾಪಸ್ ಕೊಡಿ. ತೆಗೆದ ಹಳೇ ಪಾರ್ಟ್ಸ್ ನನ್ನವು, ಅವನ್ನೂ ಕೊಡಿ. ಫಿಲ್ಟರ್ ವಿಷಯದಲ್ಲಿ ಏನಾಯಿತು ಎಂದು ಬರಹದಲ್ಲಿ ತಿಳಿಸಿ.

15 ದಿನ ಕಾಯುತ್ತೇನೆ. ಉತ್ತರ ಬಾರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಜಾಬ್ ಕಾರ್ಡ್, ಹಳೇ ಫಿಲ್ಟರಿನ ಫೋಟೋ ಲಗತ್ತಿಸಿದ್ದೇನೆ. ಫಿಲ್ಟರ್ ನನ್ನ ಹತ್ತಿರವೇ ಇದೆ, ಬಂದರೆ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಸಕಲೇಶಪುರ ತಾಲ್ಲೂಕು