ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹೇಳಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ನೋಡಿರುವ ಜಾಗಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಯಾವ ಜಾಗ ಎಷ್ಟು ಕಿಲೋಮೀಟರ್ ಎಂದು ಅದರಲ್ಲಿದೆ. ಎಷ್ಟು ಹೊತ್ತು ಎಂದು ಮಾತ್ರ ಇಲ್ಲ. ನಿನ್ನೆ ರಾತ್ರಿ ನಮಗಾದದ್ದು ಇನ್ನೂ ಹಸಿಯಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಮ್ಮನನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ವಿಮಾನದಲ್ಲಿ ಬಂದೆ. ಒಂದು ಗಂಟೆಯ ಪ್ರಯಾಣ. ದೇವನಹಳ್ಳಿಯಲ್ಲಿ ಇಳಿದು ಕೋಣನಕುಂಟೆಯ ಮನೆ ಸೇರುವುದಕ್ಕೆ ಮೂರು ಗಂಟೆ ಹತ್ತು ನಿಮಿಷ! ಸಣ್ಣ ಮಳೆ ಬಂದಿತ್ತು, ಅಷ್ಟೇ. ಹೆಬ್ಬಾಳದ ಹತ್ತಿರ ಬಸ್ಸು ನಿಂತದ್ದು ನಿಂತೇ ಇತ್ತು. ಅಮ್ಮನಿಗೆ 74 ವರ್ಷ, ಮಂಡಿ ನೋವು. ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳುವ ಮಾತ್ರೆ ಹಾಗೇ ಉಳಿಯಿತು. ಇಳಿಯುವಾಗ ಕಾಲು ಊರಲಾಗದೆ ನನ್ನ ಹೆಗಲು ಹಿಡಿದುಕೊಂಡೇ ನಿಂತರು. ಇಂಥ ಹೊತ್ತಲ್ಲಿ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ?

ಈಗ ವರದಿಗೆ ಬರುತ್ತೇನೆ. ಕನಕಪುರ ರಸ್ತೆಯ ಜಾಗಕ್ಕೇ ಒಪ್ಪಿಗೆ ಸಿಕ್ಕಿತು ಎಂದುಕೊಳ್ಳೋಣ. ನಮ್ಮ ಕಡೆಯವರಿಗೆ ಅನುಕೂಲವೇ, ಬೇಡ ಎನ್ನುವುದಿಲ್ಲ. ಆದರೆ ಒಂದು ನಿಲ್ದಾಣ ಊರಿನ ಬಡಗಣ ತುದಿಯಲ್ಲಿ, ಇನ್ನೊಂದು ತೆಂಕಣ ತುದಿಯಲ್ಲಿ. ದೇವನಹಳ್ಳಿಯಲ್ಲಿ ಇಳಿದವನು ಇಲ್ಲಿಂದ ಇನ್ನೊಂದು ವಿಮಾನ ಹತ್ತಬೇಕಾದರೆ ಇಡೀ ಬೆಂಗಳೂರು ದಾಟಬೇಕು. ಮೂರು ಗಂಟೆ ಅಂತರ ಇಟ್ಟುಕೊಂಡು ಟಿಕೆಟ್ ತೆಗೆದರೂ ವಿಮಾನ ತಪ್ಪುತ್ತದೆ, ಅಲ್ವಾ? ಟೋಕಿಯೊದ ನರಿತಾ, ಹನೇಡಾ ನಿಲ್ದಾಣಗಳ ನಡುವೆಯೂ 60 ಕಿ.ಮೀ.ಗಿಂತ ಜಾಸ್ತಿ ದೂರವಿದೆ. ಆದರೆ ಅಲ್ಲಿ ನೇರ ರೈಲು ಇದೆ. ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ.

ನಮ್ಮಲ್ಲಿ ರೈಲಿನ ಮಾತು ಇಂದಿನದಲ್ಲ. 2008ರ ಮೇ ತಿಂಗಳಲ್ಲಿ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣವನ್ನು ಪ್ರಯಾಣಿಕರಿಗೆ ಮುಚ್ಚಿದಾಗಲೇ ಊರಿನ ನಡುವಿನಿಂದ ದೇವನಹಳ್ಳಿಗೆ ಅತಿವೇಗದ ರೈಲು ಬರುತ್ತದೆ ಎನ್ನುವ ಮಾತಿತ್ತು. ಅದು ಬರಲೇ ಇಲ್ಲ. ಆಮೇಲೆ ಉಕ್ಕಿನ ಸೇತುವೆ ಎಂದರು, 2017ರಲ್ಲಿ ಅದನ್ನೂ ಕೈಬಿಟ್ಟರು. 2021ರಲ್ಲಿ ನಿಲ್ದಾಣದ ಹತ್ತಿರ ರೈಲು ನಿಲುಗಡೆ ಮಾಡಿದರು. ಅಲ್ಲಿ ಬರುವ ರೈಲುಗಳು ಬೆರಳೆಣಿಕೆಯಷ್ಟು, ನಾವು ಇಳಿಯುವ ಹೊತ್ತಿಗೆ ಒಂದೂ ಇರುವುದಿಲ್ಲ. ಉಪನಗರ ರೈಲಿಗೆ 2022ರಲ್ಲಿ ಶಂಕುಸ್ಥಾಪನೆ ಆಯಿತು. ಸಿಲ್ಕ್ ಬೋರ್ಡ್‌ನಿಂದ ಬರಬೇಕಾದ ಮೆಟ್ರೊ ನೀಲಿ ಮಾರ್ಗದ ಕಂಬಗಳನ್ನು ಬಸ್ಸಿನ ಕಿಟಕಿಯಿಂದ ನಿನ್ನೆ ಒಂದೊಂದಾಗಿ ಎಣಿಸಿದೆ. ಬೇರೇನು ಮಾಡಲಿ? ನಡುವೆ ಸಾದಹಳ್ಳಿಯಲ್ಲಿ ಟೋಲ್ ಕೊಡುವುದು ಮಾತ್ರ ಒಂದು ದಿನವೂ ತಪ್ಪಿಲ್ಲ.

ದೇವನಹಳ್ಳಿ ನಿಲ್ದಾಣದ ಹಳೆಯ ಒಪ್ಪಂದದ ಪ್ರಕಾರ 2033ರವರೆಗೆ ಅದರ 150 ಕಿ.ಮೀ. ಒಳಗೆ ಹೊಸ ನಿಲ್ದಾಣ ಮಾಡುವ ಹಾಗಿಲ್ಲ. ಅಂದರೆ ಕೈಯಲ್ಲಿ ಸಮಯ ಇದೆ. ಅಧಿಕಾರಿಗಳು ಜಾಗ ನೋಡಲು ಕಾರಿನಲ್ಲಿ ಸುತ್ತುವ ಮೊದಲು ಶುಕ್ರವಾರ ಸಂಜೆ ಏಳಕ್ಕೆ ದೇವನಹಳ್ಳಿಯಲ್ಲಿ ಬಸ್ಸು ಹತ್ತಲಿ. ಸೈರನ್ ಇಲ್ಲದೆ, ಬೆಂಗಾವಲು ಇಲ್ಲದೆ ಕನಕಪುರ ರಸ್ತೆಗೆ ಬರಲಿ. ಎಷ್ಟು ಹೊತ್ತಾಯಿತು ಎಂದು ವರದಿಯಲ್ಲಿ ಬರೆಯಲಿ. ಮೊದಲು ಎರಡು ನಿಲ್ದಾಣಗಳ ನಡುವೆ ರೈಲು ಹಾಕಿ, ಆಮೇಲೆ ಜಾಗ ಹುಡುಕಿ. ಇಲ್ಲವೇ ಇರುವ ನಿಲ್ದಾಣಕ್ಕೆ ಹೋಗಿಬರುವ ದಾರಿಯನ್ನಾದರೂ ಸರಿಮಾಡಿ. ದೇವನಹಳ್ಳಿ ನಿಲ್ದಾಣ ಶುರುವಾಗಿ ಹದಿನೇಳು ವರ್ಷ ಮೀರಿತು ಸ್ವಾಮಿ, ಇನ್ನೂ ಎಷ್ಟು ಜನರ ಅಮ್ಮಂದಿರನ್ನು ಹೆಬ್ಬಾಳದಲ್ಲಿ ಕೂರಿಸುತ್ತೀರಿ?

— ಒಬ್ಬ ಓದುಗ, ಕೋಣನಕುಂಟೆ, ಬೆಂಗಳೂರು