ಒಡೆಯುವಾಗ ರಿಕರ್ಶನ್ ಇರಲಿ, ಸೇರಿಸುವಾಗ ಬೇಡ

ಮಾನ್ಯ ಸಂಪಾದಕರೇ,

ವಿಂಗಡಣೆಯ ವಿಧಾನಗಳ ಬಗ್ಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಮರ್ಜ್ ಸಾರ್ಟ್‌ಗೆ (ಪಟ್ಟಿಯನ್ನು ಅರ್ಧರ್ಧ ಒಡೆಯುತ್ತ ಹೋಗಿ, ಆಮೇಲೆ ತುಂಡುಗಳನ್ನು ಕ್ರಮವಾಗಿ ಸೇರಿಸುವ ವಿಧಾನ) ಮೂಲ ಪಟ್ಟಿಯಷ್ಟೇ ದೊಡ್ಡದಾದ ಇನ್ನೊಂದು ಜಾಗ ಬೇಕು ಅಂತ ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಅರೇ, ಅಂದರೆ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಇಟ್ಟ ಪಟ್ಟಿ, ಆಗಿದ್ದರೆ ಈ ಮಾತು ಸರಿ. ಲಿಂಕ್ಡ್ ಲಿಸ್ಟ್‌ಗೆ ಇದು ಹೊಂದುವುದೇ ಇಲ್ಲ. ಅಲ್ಲಿ ಪ್ರತಿ ನೋಡ್ (ಒಂದು ಬೆಲೆ ಇಟ್ಟುಕೊಂಡ ಡಬ್ಬಿ ಅನ್ನಿ) ಹತ್ತಿರ ಮುಂದಿನ ನೋಡ್‌ನ ವಿಳಾಸ ಇರುತ್ತದೆ, ವಿಂಗಡಿಸುವುದು ಅಂದರೆ ಆ ವಿಳಾಸ ತಿದ್ದುವುದು ಅಷ್ಟೇ. ಯಾವ ನೋಡೂ ಮೆಮೊರಿಯಲ್ಲಿ ತಾನಿದ್ದ ಜಾಗದಿಂದ ಕದಲುವುದಿಲ್ಲ.

1945ರಲ್ಲಿ ಜಾನ್ ವಾನ್ ನ್ಯೂಮನ್ ರೂಪಿಸಿದ ಈ ವಿಧಾನ ಲಿಂಕ್ಡ್ ಲಿಸ್ಟ್‌ಗೆ ಯಾಕೆ ಇಷ್ಟು ಚೆನ್ನಾಗಿ ಒಗ್ಗುತ್ತದೆ ಗೊತ್ತಾ? ಲಿಸ್ಟ್‌ನಲ್ಲಿ 500ನೇ ನೋಡ್ ಬೇಕು ಅಂದರೆ ಮೊದಲಿನಿಂದ ನಡೆದುಕೊಂಡೇ ಹೋಗಬೇಕು, ಅರೇಯಲ್ಲಿ ಹಾರಿದಂತೆ ಹಾರಲು ಆಗದು. ಮರ್ಜ್ ಸಾರ್ಟ್‌ಗೆ ಹಾರುವ ಅಗತ್ಯವೇ ಇಲ್ಲ. ಎರಡು ತುಂಡುಗಳ ತಲೆ ನೋಡಿ, ಚಿಕ್ಕದನ್ನು ಎತ್ತಿಕೊಂಡು ಮುಂದೆ ಸಾಗಿದರೆ ಸಾಕು.

ಇನ್ನು ನಾನು ಎಡವಿದ ಕಥೆ. ಲಿಸ್ಟ್‌ನ ನಡುವನ್ನು ಹುಡುಕಲು ಎರಡು ಪಾಯಿಂಟರ್ (ಯಾವ ನೋಡ್ ಮೇಲಿದ್ದೇವೆ ಅಂತ ತೋರಿಸುವ ಗುರುತು) ಇಡುತ್ತಾರಲ್ಲ, ಒಂದು ಒಂದೊಂದೇ ಹೆಜ್ಜೆ ಇಡುತ್ತದೆ, ಇನ್ನೊಂದು ಎರಡೆರಡು. ನಾನು ಎರಡನ್ನೂ ತಲೆಯಿಂದಲೇ ಹೊರಡಿಸಿದ್ದೆ, ನಿಧಾನದ ಪಾಯಿಂಟರ್ ನಿಂತ ನೋಡ್ ಆದಮೇಲೆ ಕೊಂಡಿ ಕತ್ತರಿಸುತ್ತಿದ್ದೆ. ಈಗ 8, 5 ಅಂತ ಎರಡೇ ನೋಡ್ ಇರುವ ಲಿಸ್ಟ್ ತಗೊಳ್ಳಿ. ನಿಧಾನದ್ದು ಒಂದು ಹೆಜ್ಜೆ ಇಟ್ಟು 5ರ ಮೇಲೆ ನಿಲ್ಲುತ್ತದೆ. ಕತ್ತರಿಸಿದರೆ ಎಡಕ್ಕೆ 8, 5 ಎರಡೂ ಉಳಿದವು, ಬಲಕ್ಕೆ ಏನೂ ಇಲ್ಲ. ಮತ್ತೆ ಅದೇ 8, 5 ಇಟ್ಟುಕೊಂಡು ಫಂಕ್ಷನ್ ತನ್ನನ್ನೇ ಕರೆಯುತ್ತದೆ (ರಿಕರ್ಶನ್ ಅಂದರೆ ಇದೇ), ಮತ್ತೆ ಅದೇ, ಮುಗಿಯದ ಕರೆಗಳನ್ನು ನೆನಪಿಡುವ ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಬೀಳುವ ತನಕ. ಇಡೀ ಸಂಜೆ ಸೇರಿಸುವ ಕೋಡನ್ನೇ ಅನುಮಾನಿಸುತ್ತ ಕೂತಿದ್ದೆ, ಪಾಪ ಅದರದ್ದೇನೂ ತಪ್ಪಿರಲಿಲ್ಲ! ಓಡುವ ಪಾಯಿಂಟರನ್ನು ಎರಡನೇ ನೋಡ್‌ನಿಂದ ಹೊರಡಿಸಿದೆ, ಸರಿಹೋಯಿತು.

ಆದರೆ ಸೇರಿಸುವ ಕೋಡ್ ತನ್ನ ಸರದಿಗೆ ಕಾಯುತ್ತಿತ್ತು. ಅದನ್ನೂ ರಿಕರ್ಶನ್‌ನಲ್ಲೇ ಬರೆದಿದ್ದೆ. ಚಿಕ್ಕ ನೋಡ್ ತಗೊಂಡು, ಉಳಿದದ್ದನ್ನು ಸೇರಿಸಿಕೊಡು ಅಂತ ಫಂಕ್ಷನ್ ತನಗೇ ಹೇಳಿಕೊಳ್ಳುವುದು. ನೋಡಲು ಬಹಳ ಚೆಂದ, ನಾಲ್ಕೈದು ಸಾಲು ಅಷ್ಟೇ. ಹತ್ತು ನೋಡ್ ಕೊಟ್ಟರೂ ಸರಿ, ನೂರು ಕೊಟ್ಟರೂ ಸರಿ. ದೊಡ್ಡ ಲಿಸ್ಟ್ ಕೊಟ್ಟ ಕೂಡಲೇ ಮತ್ತೆ ಸ್ಟ್ಯಾಕ್ ತುಂಬಿತು.

ಯಾಕೆ ಅಂದರೆ ಒಡೆಯುವ ರಿಕರ್ಶನ್ ಬೇರೆ, ಸೇರಿಸುವ ರಿಕರ್ಶನ್ ಬೇರೆ. ಒಡೆಯುವಾಗ ಪ್ರತಿ ಸಲ ಲಿಸ್ಟ್ ಅರ್ಧವಾಗುತ್ತದೆ, ಹಾಗಾಗಿ 10 ಲಕ್ಷ ನೋಡ್ ಇದ್ದರೂ ಆಳ ಸುಮಾರು 20 ಮಾತ್ರ. ಸೇರಿಸುವಾಗ ಒಂದು ಕರೆಗೆ ಒಂದೇ ನೋಡ್ ಕಡಿಮೆಯಾಗುವುದು. ಆಳ ಹತ್ತಿರಹತ್ತಿರ ನೋಡ್‌ಗಳ ಸಂಖ್ಯೆಯಷ್ಟೇ ಆಗಿಬಿಡುತ್ತದೆ! ಪೈಥಾನ್ ಭಾಷೆಯಲ್ಲಂತೂ ಕರೆಗಳ ಆಳದ ಮಿತಿ ಬದಲಿಸದಿದ್ದರೆ 1000 ಕರೆಗಳ ಆಸುಪಾಸಿನಲ್ಲೇ ಕೈಕೊಡುತ್ತದೆ. ಸೇರಿಸಲು ಸುಮ್ನೆ ಒಂದು ಲೂಪ್ ಬರೆಯಬೇಕು, ಮುಂದೆ ಒಂದು ಖಾಲಿ ನೋಡ್ ಇಟ್ಟುಕೊಂಡು ಅದರ ಬಾಲಕ್ಕೆ ಒಂದೊಂದೇ ಜೋಡಿಸುತ್ತ ಹೋಗಬೇಕು. ಆಗ ಹೆಚ್ಚುವರಿ ಜಾಗ ಅಂತ ಬೇಕಾಗುವುದು ಆ ಒಂದು ನೋಡ್ ಮತ್ತು ಒಡೆಯುವಾಗಿನ ಇಪ್ಪತ್ತು ಚಿಲ್ಲರೆ ಕರೆಗಳದ್ದು ಮಾತ್ರ. ಅದೂ ಬೇಡ ಅನ್ನುವವರು ಒಡೆಯದೆ, ಒಂದೊಂದೇ ನೋಡ್‌ನ ತುಂಡುಗಳಿಂದ ಶುರುಮಾಡಿ ಕೆಳಗಿನಿಂದಲೇ ಜೋಡಿಸುತ್ತ ಬರಬಹುದು, ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಲಿಸ್ಟ್ ವಿಂಗಡಿಸುವ ಕೋಡ್ ರಿಕರ್ಶನ್ ಇಲ್ಲದ ಮರ್ಜ್ ಸಾರ್ಟೇ.

ಅಂದಹಾಗೆ ಎರಡು ಬೆಲೆಗಳು ಸಮ ಇದ್ದಾಗ ಎಡಗಡೆಯದನ್ನೇ ಮೊದಲು ತಗೊಳ್ಳಬೇಕು. ಇಲ್ಲದಿದ್ದರೆ ಸಮ ಇರುವವುಗಳ ಮೂಲ ಕ್ರಮ ಕೆಟ್ಟುಹೋಗುತ್ತದೆ. ಇದನ್ನೂ ಲೇಖನದಲ್ಲಿ ಹೇಳಬಹುದಿತ್ತು, ಅಲ್ವಾ?

ಲೇಖನದ ಎರಡನೇ ಭಾಗ ಬರುವುದಾದರೆ ಒಂದು ವಿನಂತಿ. ಚಿತ್ರದಲ್ಲಿ ಡಬ್ಬಿಗಳನ್ನು ಆ ಕಡೆ ಈ ಕಡೆ ಸರಿಸಿ ತೋರಿಸಬೇಡಿ. ಡಬ್ಬಿ ಇದ್ದಲ್ಲೇ ಇರಲಿ, ಬಾಣಗಳನ್ನು ಮಾತ್ರ ತಿರುಗಿಸಿ ತೋರಿಸಿ.

ಇಂತಿ,
ನಿಮ್ಮ ಓದುಗ