ಹಳೆ ಕಾರಿನ ಸ್ಪ್ಲಿಟ್ ಆಕ್ಸಲ್ ಬಗ್ಗಿಸಬೇಡಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಮನೆಗಳ ಕೊಟ್ಟಿಗೆಯಲ್ಲಿ ನಿಂತುಹೋದ ಹಳೆ ಫೋರ್ಡ್, ಆಸ್ಟಿನ್ ಕಾರುಗಳನ್ನು ಮತ್ತೆ ಓಡಿಸಬೇಕೆಂಬ ಉತ್ಸಾಹ ಹಲವರಲ್ಲಿದೆ. ಅಂಥ ಕಾರಿನ ಮುಂದಿನ ಆಕ್ಸಲ್ ನಡುವೆ ಸೀಳಿದ್ದು, ಎರಡು ತುಂಡಾಗಿ ಕೀಲಿನ ಮೇಲೆ ಆಡುವುದನ್ನು ಕಂಡರೆ ‘ಯಾರೋ ಕೆಡಿಸಿದ್ದಾರೆ’ ಎಂದು ಗುಜರಿಗೆ ಹಾಕುವವರಿದ್ದಾರೆ. ಟೈರು ಒಳಬದಿಯಲ್ಲಿ ಸವೆಯುತ್ತದೆಂದು ಆಕ್ಸಲನ್ನೇ ಕಾಯಿಸಿ ಬಗ್ಗಿಸುವವರೂ ಇದ್ದಾರೆ. ಮೊದಲನೆಯದು ನಷ್ಟ, ಎರಡನೆಯದು ಪ್ರಾಣಕ್ಕೇ ಅಪಾಯ.

ಅದು ಯಾರೋ ಕೆಡಿಸಿದ್ದಲ್ಲ. ಇಂಗ್ಲೆಂಡಿನ ಎಂಜಿನಿಯರ್ ಲೆಸ್ಲಿ ಬಲ್ಲಮಿ 1930ರ ದಶಕದಲ್ಲಿ ಪುಟ್ಟ ಫೋರ್ಡ್, ಆಸ್ಟಿನ್ ಸೆವೆನ್ ಕಾರುಗಳಿಗೆ ರೂಢಿಗೆ ತಂದ ಸ್ವತಂತ್ರ ಸಸ್ಪೆನ್ಷನ್ ಅದು. ಲೋಟಸ್ ಮಾರ್ಕ್ 6 ಕಾರಿನಲ್ಲೂ ಫೋರ್ಡ್ ಆಕ್ಸಲನ್ನು ಹೀಗೇ ಸೀಳಿ ಬಳಸಿದ್ದರು. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದನ್ನು ಎಳೆಯಬಾರದೆಂಬುದು ಉದ್ದೇಶ. ನಮ್ಮ ರಸ್ತೆಗಳಿಗೆ ಹೇಳಿ ಮಾಡಿಸಿದಂತಿದೆ.

ಟೈರು ಒಳಗೆ ಸವೆಯಲು ಸಾಮಾನ್ಯವಾಗಿ ಆಕ್ಸಲ್ ಕಾರಣವಲ್ಲ, ಕುಸಿದ ಸ್ಪ್ರಿಂಗ್ ಕಾರಣ. ಅರ್ಧ ಆಕ್ಸಲ್ ಕಾರಿನ ನಡುವಿನ ಕೀಲಿನಿಂದ ತಿರುಗುತ್ತದೆ. ಟ್ರ್ಯಾಕ್ (ಎಡ, ಬಲ ಚಕ್ರಗಳ ನಡುವಿನ ಅಂತರ) ಸುಮಾರು 1140 ಮಿ.ಮೀ. ಇರುವ ಕಾರಿನಲ್ಲಿ ಕೀಲಿನಿಂದ ಚಕ್ರಕ್ಕೆ 570 ಮಿ.ಮೀ. ದೂರ. ಹಾಗಾಗಿ ಮುಂಭಾಗ 10 ಮಿ.ಮೀ. ಕುಸಿದರೆ ಕ್ಯಾಂಬರ್, ಅಂದರೆ ಚಕ್ರದ ವಾಲಿಕೆ, ಒಂದು ಡಿಗ್ರಿ ಬದಲಾಗಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಮೂರು ಡಿಗ್ರಿ ವಾಲಿದೆ ಎಂದರೆ ಕಾರಿಗೆ ಅಡ್ಡಲಾಗಿ ಕೂತ ಪ್ಲೇಟ್ ಸ್ಪ್ರಿಂಗ್ ಸುಮಾರು 30 ಮಿ.ಮೀ. ಇಳಿದಿದೆ ಎಂದು ಸಾಮಾನ್ಯವಾಗಿ ಅರ್ಥ. ಅಲೈನ್‌ಮೆಂಟ್ ಯಂತ್ರ ವಾಲಿದ್ದನ್ನು ತೋರಿಸುತ್ತದೆ, ಏಕೆ ವಾಲಿತೆಂದು ಹೇಳುವುದಿಲ್ಲ.

ಆದ್ದರಿಂದ ಕೆಲಸ ಸ್ಪ್ರಿಂಗಿನಿಂದಲೇ ಶುರುವಾಗಬೇಕು. ನಮ್ಮ ಮಳೆಗೆ ಪ್ಲೇಟುಗಳ ಸಂದಿಯಲ್ಲಿ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಸೆಂಟರ್ ಬೋಲ್ಟ್ ತೆಗೆಯುವ ಮೊದಲು ಪ್ಲೇಟುಗಳನ್ನು ಸಿ-ಕ್ಲಾಂಪಿನಲ್ಲಿ ಬಿಗಿಹಿಡಿಯಿರಿ, ಇಲ್ಲದಿದ್ದರೆ ಸಿಡಿಯುತ್ತವೆ. ಪ್ಲೇಟುಗಳನ್ನು ಬಿಡಿಸಿ ಉಜ್ಜಿ, ಬಿರುಕು ನೋಡಿ, ಕಮಾನು ಹೊಡೆಸಿ, ಗ್ರಾಫೈಟ್ ಗ್ರೀಸ್ ಸವರಿ ಜೋಡಿಸಿ. ಎತ್ತರ ಬರಲೆಂದು ಹೆಚ್ಚುವರಿ ಪ್ಲೇಟು ಸೇರಿಸಬೇಡಿ. ಸ್ಪ್ರಿಂಗ್ ಗಡುಸಾಗಿ ಆಕ್ಸಲ್ ಸೀಳಿದ್ದರ ಲಾಭವೇ ಹೋಗುತ್ತದೆ, ಎತ್ತರ ಮೀರಿದರೆ ಟೈರು ಹೊರಬದಿಯಲ್ಲಿ ಸವೆಯುತ್ತದೆ.

ಇನ್ನು ಆಕ್ಸಲ್. ಕೀಲಿನ ಬೋಲ್ಟ್ ಕೂರಲೆಂದು ಸೀಳಿದ ತುದಿಗೆ ಬೆಸೆದ ಕಿವಿಯ ಬುಡದಲ್ಲೇ ಬಿರುಕು ಹುಟ್ಟುವುದು. ಬಣ್ಣ ಪೂರ್ತಿ ತೆಗೆದು ಡೈ ಪೆನೆಟ್ರೆಂಟ್ ಹಾಕಿ: ಕೆಂಪು ದ್ರವ ಬಳಿದು 10ರಿಂದ 20 ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಕೂದಲೆಳೆಯಂಥ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ. ಗೆರೆ ಕಂಡರೆ ಆ ಅರ್ಧವನ್ನು ಬಳಸಲೇಬೇಡಿ. ಫೋರ್ಜ್ ಮಾಡಿದ ಉಕ್ಕಿನ ಮೇಲೆ ಸಾಮಾನ್ಯ ಆರ್ಕ್ ವೆಲ್ಡಿಂಗ್ ಎಳೆದರೆ ಬೆಸುಗೆಯ ಪಕ್ಕದ ಲೋಹ ಗಡುಸಾಗಿ, ಅಲ್ಲೇ ಮತ್ತೆ ಸೀಳುತ್ತದೆ.

ಕೀಲಿನ ಬೋಲ್ಟ್ ವಿಷಯದಲ್ಲಿ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ತೂರಿಸುವ ಅಭ್ಯಾಸ ಬಿಡಬೇಕು. ಅರ್ಧ ಇಂಚಿನ ತೂತಿಗೆ 12 ಮಿ.ಮೀ. ಬೋಲ್ಟ್ ಹಾಕಿದರೆ 0.7 ಮಿ.ಮೀ. ಸಡಿಲ ಉಳಿಯುತ್ತದೆ. ಆ ಸಡಿಲ ತೂತನ್ನು ಮೊಟ್ಟೆಯಾಕಾರಕ್ಕೆ ತರುತ್ತದೆ. ಹೈಟೆನ್ಸಿಲ್ ಬೋಲ್ಟನ್ನೇ ಹಾಕಿ. ಅದರ ನುಣುಪಾದ ಭಾಗ ಬ್ರಾಕೆಟ್‌ನ ಎರಡೂ ಗೋಡೆ ದಾಟುವಂತಿರಲಿ, ತಿರುಪಿನ ಮರೆ ಗೋಡೆಯ ಮೇಲೆ ಕೂರಬಾರದು. ಬುಷ್ (ಬೋಲ್ಟಿನ ಸುತ್ತ ಕೂರುವ ಕೊಳವೆ) ರಬ್ಬರಿನದಾದರೆ ನಟ್ಟನ್ನು ಕೊನೆಯ ಬಾರಿ ಬಿಗಿಯುವುದು ಕಾರು ತನ್ನ ಚಕ್ರದ ಮೇಲೆ ನಿಂತ ಮೇಲೆಯೇ. ಜಾಕಿನ ಮೇಲೆ, ಚಕ್ರ ಜೋತಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಬೇಗ ಹೋಯಿತೆಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಸ್ಟೇರಿಂಗ್ ಅದುರಿದರೆ ಚಕ್ರವೆತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಇನ್ನೊಬ್ಬರು ಬ್ರೇಕ್ ಒತ್ತಿದಾಗ ಆಟ ನಿಂತರೆ ಸವೆದದ್ದು ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಗೂಟ. ಕಿಂಗ್ ಪಿನ್ನಿನ ಹೊಸ ಬುಷ್‌ಗಳನ್ನು ಒಂದೇ ಉದ್ದ ರೀಮರಿನಿಂದ ಮೇಲಿಂದ ಕೆಳಗೆ ಒಟ್ಟಿಗೆ ಕೊರೆಸಬೇಕು. ಈ ಸಸ್ಪೆನ್ಷನ್‌ನಲ್ಲಿ ಕ್ಯಾಂಬರ್ ಬದಲಾದಾಗಲೆಲ್ಲ ತಿರುಗುವ ಚಕ್ರ ಸ್ಟೇರಿಂಗನ್ನು ಒದೆಯುತ್ತದೆ. ಬಿಗಿ ಕಿಂಗ್ ಪಿನ್ ಅದನ್ನು ತಡೆದುಕೊಳ್ಳುತ್ತದೆ, ಸಡಿಲವಿದ್ದರೆ ಒದೆತವೇ ನಡುಕವಾಗುತ್ತದೆ.

ಎರಡೂ ಮುಂಚಕ್ರಗಳ ಸ್ಟೇರಿಂಗ್ ಆರ್ಮ್‌ಗಳನ್ನು ಜೋಡಿಸುವ ಟ್ರ್ಯಾಕ್ ರಾಡ್ ಒಂದೇ ತುಂಡಿನದಾದರೆ ಅದರ ಎತ್ತರ ಅಳೆಯಿರಿ. ಕೀಲಿಗಿಂತ 40 ಮಿ.ಮೀ. ಕೆಳಗಿದ್ದರೆ, ಚಕ್ರ 25 ಮಿ.ಮೀ. ಏರಿದಾಗ ಸ್ಟೇರಿಂಗ್ ಆರ್ಮ್‌ನ ತುದಿ ಒಂದು ಮಿ.ಮೀ.ಗಿಂತ ಹೆಚ್ಚು ಹೊರಗೆ ಹೋಗಬೇಕಾಗುತ್ತದೆ. ರಾಡ್ ಬಿಡುವುದಿಲ್ಲ, ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೆಡುತ್ತದೆ. ರಾಡನ್ನು ಕೀಲಿನ ಮಟ್ಟಕ್ಕೆ ತರುವುದು ಇಲ್ಲವೇ ಎರಡು ತುಂಡಿನ ರಾಡ್ ಮಾಡಿಸುವುದು ಇದಕ್ಕೆ ದಾರಿ. ರಾಡ್ ಬ್ರೇಕ್ (ಸರಳುಗಳಿಂದ ಎಳೆಯುವ ಬ್ರೇಕ್) ಇರುವ ಕಾರಾದರೆ ಚಕ್ರ ಮೇಲೆ ಕೆಳಗೆ ಆಡುವಾಗ ಬ್ರೇಕ್ ತಾನಾಗಿ ಹಿಡಿಯುತ್ತದೆಯೇ ಎಂದೂ ನೋಡಿಕೊಳ್ಳಿ.

ಅಳತೆ ಸಿಮೆಂಟಿನ ಸಮ ನೆಲದ ಮೇಲಾಗಲಿ. ಇಬ್ಬರ ತೂಕಕ್ಕೆ ಮುಂದಿನ ಸೀಟಿನಲ್ಲಿ 25 ಕೆ.ಜಿ.ಯ ಐದು ಅಕ್ಕಿ ಚೀಲ ಇಟ್ಟು, ಕಾರನ್ನು ಒಂದೆರಡು ಮಾರು ಹಿಂದೆ ಮುಂದೆ ತಳ್ಳಿ ಸ್ಪ್ರಿಂಗ್ ಕೂರಿಸಿ. ಮೊದಲು ಎತ್ತರ, ಆಮೇಲೆ ಕ್ಯಾಂಬರ್, ಎರಡೂ ಬದಿಯ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಅಳತೆ) ಸಮ, ಕಡೆಗೆ ಟೋ-ಇನ್. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕು.

ಘಾಟಿ ಇಳಿಯುವವರು ಚಕ್ರ 50 ಮಿ.ಮೀ.ಗಿಂತ ಹೆಚ್ಚು ಜೋತುಬೀಳದಂತೆ ದಪ್ಪ ಕ್ಯಾನ್ವಾಸ್ ಪಟ್ಟಿ ಕಟ್ಟಿಸಲೇಬೇಕು. ಆಗುಂಬೆಯಂಥ ಹೇರ್‌ಪಿನ್ ತಿರುವಿನಲ್ಲಿ ಹೊರಚಕ್ರ ಕಾರಿನಡಿಗೆ ಮಡಚಿಕೊಳ್ಳದಂತೆ ತಡೆಯುವುದು ಅದೇ. ಮೊದಲ ಓಟ ಬಯಲು ರಸ್ತೆಯಲ್ಲಿರಲಿ, 100 ಕಿ.ಮೀ. ಆದಮೇಲೆ ಸ್ಪ್ರಿಂಗಿನ ಯು-ಬೋಲ್ಟ್ ಮತ್ತೆ ಬಿಗಿಯಿರಿ.

ಕಾಗದಪತ್ರದ ಮಾತೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ ಕಾರಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಷಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದೆಂಬ ಷರತ್ತಿದೆ. ಹಾಗಾಗಿ ದುರಸ್ತಿಯ ನೆಪದಲ್ಲಿ ಷಾಸಿಗೆ ಹೊಸ ಬ್ರಾಕೆಟ್ ಬೆಸೆಯಬೇಡಿ, ಹಳೆ ತೂತುಗಳಿಗೇ ಬೋಲ್ಟ್ ಹಾಕಿ. ಬಿಚ್ಚುವ ಮುನ್ನ ಸೀಳಿದ ಆಕ್ಸಲಿನ ಭಾಗಗಳ ಮೇಲಿರುವ ಗುರುತು, ಸಂಖ್ಯೆಗಳ ಫೋಟೊ ತೆಗೆದು, ಹಳೆ ರಸೀದಿಯಿದ್ದರೆ ಅದರೊಂದಿಗೆ ಅರ್ಜಿಗೆ ಲಗತ್ತಿಸಿ.

– ಹಳೆ ಕಾರುಗಳ ದುರಸ್ತಿಗಾರರು, ಶಿವಮೊಗ್ಗ